ಅಟ್ಟ ಸೇರಿದ ಎಂಬತ್ತರ ದಶಕ: ಮನೆಯ ಹಳೆಯ ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳುವ ಕ್ರಮ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಅಟ್ಟ ಸ್ವಚ್ಛ ಮಾಡುವಾಗ ರಟ್ಟಿನ ಪೆಟ್ಟಿಗೆಯ ತುಂಬ ಕ್ಯಾಸೆಟ್‌ಗಳು ಸಿಗುವುದು ಈಗಲೂ ಅಪರೂಪವಲ್ಲ. ಮನೆ ಕೆಡವಿ ಹೊಸದಾಗಿ ಕಟ್ಟಿಸುವವರೂ ಮಾರಿ ಅಪಾರ್ಟ್‌ಮೆಂಟಿಗೆ ಹೋಗುವವರೂ ಅವನ್ನು ಹಳೇ ಪೇಪರಿನವರಿಗೆ ಕೊಟ್ಟುಬಿಡುತ್ತಾರೆ. ಹಾಡುಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವಲ್ಲ ಎಂಬುದು ಅವರ ಸಮಾಧಾನ. ಹಾಡುಗಳ ಮಟ್ಟಿಗೆ ಆ ಮಾತು ಬಹುಮಟ್ಟಿಗೆ ನಿಜ. ಆದರೆ 1980ರ ದಶಕದ ಜನಪ್ರಿಯ ಸಂಸ್ಕೃತಿ ಎಂದರೆ ಬರೀ ಹಾಡುಗಳ ಪಟ್ಟಿಯಲ್ಲ. ಯಾವ ಹಾಡಿನ ಹಿಂದೆ ಯಾವ ಹಾಡು ಬಂತು, ನಡುವೆ ಆಕಾಶವಾಣಿಯ ಉದ್ಘೋಷಕಿ ಏನು ಹೇಳಿದರು, ಕೋರಿಕೆ ಕಳಿಸಿದವರ ಹೆಸರು ಮತ್ತು ಊರುಗಳನ್ನು ಹೇಗೆ ಓದಿದರು, ಆ ಹೊತ್ತಿನಲ್ಲಿ ಅಡುಗೆಮನೆಯಿಂದ ಯಾರು ಯಾರನ್ನು ಕರೆದರು ಎಂಬುದೆಲ್ಲ ಸೇರಿಯೇ ಆ ದಶಕ. ಅದು ಯಾವ ಕಂಪನಿಯ ಭಂಡಾರದಲ್ಲೂ ಇಲ್ಲ, ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಮಾತ್ರ ಇದೆ. ಅದನ್ನು ಹಾಳಾಗುವ ಮುನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ, ಇಳಿಸುವಾಗ ಯಾವುದನ್ನು ಮುಟ್ಟಬಾರದು, ಇಳಿಸಿದ ಮೇಲೆ ಮನೆಯ ಹಿರಿಯರೊಂದಿಗೆ ಕೂತು ಹೇಗೆ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಯಾವುದು ಮೊದಲು

ಪೆಟ್ಟಿಗೆಯನ್ನು ಎರಡು ರಾಶಿಯಾಗಿ ವಿಂಗಡಿಸಿಕೊಳ್ಳಿ. ಕಂಪನಿಗಳು ಹಾಡು ತುಂಬಿ ಮಾರಿದ ಕ್ಯಾಸೆಟ್‌ಗಳದು ಒಂದು ರಾಶಿ, ಖಾಲಿ ಕ್ಯಾಸೆಟ್ ಕೊಂಡು ಮನೆಯವರೋ ಅಂಗಡಿಯವರೋ ತುಂಬಿಸಿದವುಗಳದು ಇನ್ನೊಂದು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ ಕನ್ನಡದ ಸುಗಮ ಸಂಗೀತಕ್ಕೆ ಹೊಸ ದಾರಿ ತೆರೆದದ್ದು 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ. ಮುಂದಿನ ಹತ್ತು ವರ್ಷಗಳಲ್ಲಿ ಭಾವಗೀತೆ, ಭಕ್ತಿಗೀತೆ, ಜನಪದ ಗೀತೆ, ಹರಿಕಥೆ, ನಾಟಕಗಳೆಲ್ಲ ಕ್ಯಾಸೆಟ್ ರೂಪದಲ್ಲಿ ಮನೆಮನೆಗೆ ಬಂದವು. ಲಹರಿ, ಸಂಗೀತಾ, ಎಚ್‌ಎಂವಿ ಮೊದಲಾದ ಕಂಪನಿಗಳ ಆ ಕ್ಯಾಸೆಟ್‌ಗಳ ಮೇಲೆ ನಮಗೆ ಎಷ್ಟೇ ಮಮತೆ ಇರಲಿ, ಅವು ಸಾವಿರಾರು ಪ್ರತಿಗಳಲ್ಲಿ ಮಾರಾಟವಾದವು. ಹಾಗಾಗಿ ಆ ರಾಶಿ ಸ್ವಲ್ಪ ಕಾಯಬಹುದು.

ಮೊದಲು ಕೈಹಚ್ಚಬೇಕಾದದ್ದು ಎರಡನೆಯ ರಾಶಿಗೆ. ಅದರಲ್ಲಿ ಸಾಮಾನ್ಯವಾಗಿ ಏನೇನು ಇರುತ್ತದೆಂದು ನೋಡಿ: ರೇಡಿಯೋದಿಂದ ಹಿಡಿದಿಟ್ಟ ಚಿತ್ರಗೀತೆಗಳು, ಬಾನುಲಿ ನಾಟಕಗಳು, ದೂರದರ್ಶನದ ‘ಚಿತ್ರಮಂಜರಿ’ ಬರುವಾಗ ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಮನೆಮಂದಿಯನ್ನೆಲ್ಲ ಸುಮ್ಮನಿರಿಸಿ ಮಾಡಿದ ರೆಕಾರ್ಡಿಂಗುಗಳು, ಬಡಾವಣೆಯ ಕ್ಯಾಸೆಟ್ ಅಂಗಡಿಗೆ ಹಾಡುಗಳ ಪಟ್ಟಿ ಬರೆದುಕೊಟ್ಟು ತುಂಬಿಸಿಕೊಂಡು ಬಂದವು, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಕಚೇರಿಗೆ ಹೋದವರು ಮಡಿಲಲ್ಲಿ ಯಂತ್ರ ಇಟ್ಟುಕೊಂಡು ಹಿಡಿದದ್ದು, ಅಜ್ಜಿ ಹೇಳಿದ ಹಸೆಹಾಡು, ಪರದೇಶದಲ್ಲಿದ್ದ ಮಗನಿಗೆ ಪತ್ರದ ಬದಲು ಕಳಿಸಿದ ಮಾತಿನ ಕ್ಯಾಸೆಟ್. ಇವುಗಳಿಗೆ ಇನ್ನೊಂದು ಪ್ರತಿ ಇರುವ ಸಾಧ್ಯತೆ ಬಹಳ ಕಡಿಮೆ.

ವಿಂಗಡಿಸುವಾಗ ಒಂದು ಎಚ್ಚರ ಬೇಕು. ಕ್ಯಾಸೆಟ್‌ನ ಹಿಂಬದಿಯ ಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳ ಜಾಗ ಇರುತ್ತದೆ. ಕಂಪನಿಯ ಕ್ಯಾಸೆಟ್‌ಗಳಲ್ಲಿ ಆ ಹಲ್ಲುಗಳು ಇರುವುದಿಲ್ಲ, ಹಾಗಾಗಿ ಅದರ ಮೇಲೆ ರೆಕಾರ್ಡ್ ಮಾಡಲು ಯಂತ್ರ ಬಿಡುವುದಿಲ್ಲ. ಆ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿದ್ದರೆ ಅಥವಾ ಕಾಗದದ ಉಂಡೆ ತುರುಕಿದ್ದರೆ, ಹೊರಗೆ ಯಾವ ಚಿತ್ರದ ಹೆಸರೇ ಅಚ್ಚಾಗಿರಲಿ, ಒಳಗೆ ಮನೆಯವರು ಬೇರೇನನ್ನೋ ತುಂಬಿದ್ದಾರೆಂದು ತಿಳಿಯಬೇಕು. ಖಾಲಿ ಕ್ಯಾಸೆಟ್ ಕೊಳ್ಳುವುದೂ ಖರ್ಚೇ ಆಗಿದ್ದ ಕಾಲದಲ್ಲಿ ಅನೇಕ ಮನೆಗಳಲ್ಲಿ ಇದು ನಡೆದಿದೆ, ಹಾಗಾಗಿ ಮೊದಲ ರಾಶಿಯ ಪ್ರತಿಯೊಂದನ್ನೂ ತಿರುಗಿಸಿ ನೋಡಿಯೇ ಪಕ್ಕಕ್ಕಿಡಿ. ಉಳಿಸಬೇಕಾದ ಕ್ಯಾಸೆಟ್‌ಗಳ ಸೆಲ್ಲೋಟೇಪನ್ನು ಈಗಲೇ ಕಿತ್ತುಹಾಕಿ, ಹಲ್ಲುಗಳು ಇನ್ನೂ ಇದ್ದರೆ ಸಣ್ಣ ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ನಲವತ್ತು ವರ್ಷ ಉಳಿದದ್ದು ಕ್ಷಣದಲ್ಲಿ ಅಳಿಸಿಹೋಗುತ್ತದೆ.

ಯಂತ್ರದ ವಿಚಾರ

ಕ್ಯಾಸೆಟನ್ನು ನೇರವಾಗಿ ಕಂಪ್ಯೂಟರಿಗೆ ಸೇರಿಸುವ ಅಗ್ಗದ, ಕೈಯಲ್ಲಿ ಹಿಡಿಯುವ ಯಂತ್ರಗಳು ಮಾರಾಟಕ್ಕಿವೆ. ಅವನ್ನು ಕೊಳ್ಳಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ಅವುಗಳ ಮೋಟಾರಿನ ವೇಗ ಒಂದೇ ಸಮನಾಗಿರುವುದಿಲ್ಲ, ಎಳೆದು ಹಾಡುವ ಆಲಾಪನೆಯಲ್ಲಿ ಸ್ವರ ಅಲುಗಾಡುವುದು ಸ್ಪಷ್ಟವಾಗಿ ಕೇಳಿಸುತ್ತದೆ, ಮತ್ತು ಒಮ್ಮೆ ಹಾಗೆ ಇಳಿಸಿಕೊಂಡದ್ದನ್ನು ಮುಂದೆ ಸರಿಪಡಿಸಲು ಆಗದು. ಅದಕ್ಕಿಂತ, ಧ್ವನಿಯನ್ನು ಬೇರೆ ಯಂತ್ರಕ್ಕೆ ಕೊಡುವ ಲೈನ್ ಔಟ್ ಕಿಂಡಿ ಇರುವ ಹಳೆಯ ಒಳ್ಳೆಯ ಕ್ಯಾಸೆಟ್ ಡೆಕ್ ಒಂದನ್ನು ಹುಡುಕಿಕೊಳ್ಳುವುದು ಮೇಲು. ನೆಂಟರಿಷ್ಟರ ಮನೆಯ ಷೋಕೇಸುಗಳಲ್ಲಿ ವಿಚಾರಿಸಿದರೆ ಒಂದಾದರೂ ಸಿಗುತ್ತದೆ. ಇಲ್ಲವಾದರೆ ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆಯಲ್ಲಿ ಬೆಳಿಗ್ಗೆ ಬೇಗ ಹೋಗಿ ನೋಡಬಹುದು. ಅಲ್ಲಿ ಕೊಳ್ಳುವುದಾದರೆ ಕರೆಂಟ್ ಕೊಟ್ಟು, ಕ್ಯಾಸೆಟ್ ಹಾಕಿ, ಮುಂದಕ್ಕೂ ಹಿಂದಕ್ಕೂ ಓಡಿಸಿ ತೋರಿಸಿದ ಮೇಲೆಯೇ ಹಣ ಕೊಡಿ. ಮನೆಯಲ್ಲಿ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದರಲ್ಲೇ ಇರುವ ಹಳೆಯ ಟು-ಇನ್-ಒನ್ ಮಾತ್ರ ಇದ್ದರೆ ಅದರ ಹೆಡ್‌ಫೋನ್ ಕಿಂಡಿಯಿಂದಲೂ ಕೆಲಸ ನಡೆಸಬಹುದು. ಟೋನ್ ಗುಂಡಿಗಳನ್ನು ನಡುವೆ ನಿಲ್ಲಿಸಿ, ಧ್ವನಿಯನ್ನು ಅರ್ಧಕ್ಕಿಂತ ಏರಿಸದಿದ್ದರೆ ಸಾಕು.

ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಮೊದಲು ಕೈಕೊಡುವುದು ರಬ್ಬರು. ಒಳಗಿನ ಬೆಲ್ಟುಗಳು ಸಡಿಲಾಗಿ ಜಾರುತ್ತವೆ, ಕೆಲವು ಕರಗಿ ಟಾರಿನಂತೆ ಅಂಟಿಕೊಂಡಿರುತ್ತವೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಗಟ್ಟಿಯಾಗಿ ಹೊಳಪೇರಿದ್ದರೆ ಅದು ಟೇಪನ್ನು ಓರೆಯಾಗಿ ಎಳೆದು ಒಳಗೆ ಸುತ್ತಿಕೊಳ್ಳುತ್ತದೆ. ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬೆಲ್ಟ್ ಕೇಳುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಅದು ಕರಗಿಹೋಗಿದ್ದರೆ, ತಿರುಗುಗಾಲಿಗಳ ಸುತ್ತ ದಾರ ಹಾಯಿಸಿ ಅಳತೆ ತೆಗೆದುಕೊಂಡು, ಅದಕ್ಕಿಂತ ತುಸು ಚಿಕ್ಕದನ್ನು ಕೊಳ್ಳಿ. ಟೇಪ್ ರೆಕಾರ್ಡರ್ ರಿಪೇರಿ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಆ ಸುತ್ತಮುತ್ತ ಇನ್ನೂ ಇದ್ದಾರೆ. ಅವರಿಂದ ಒಮ್ಮೆ ಸರ್ವಿಸ್ ಮಾಡಿಸಿಕೊಳ್ಳುವುದಕ್ಕೆ ಕೊಡುವ ಹಣ ವ್ಯರ್ಥವಾಗದು.

ಟೇಪಿನಿಂದ ಧ್ವನಿಯನ್ನು ಓದುವ ಹೆಡ್ ಮತ್ತು ಪಿಂಚ್ ರೋಲರ್ ಒತ್ತಿಕೊಳ್ಳುವ ಲೋಹದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ, ಕಂದು ಬಣ್ಣ ಬಿಡುವುದು ನಿಲ್ಲುವ ತನಕ ಒರೆಸಿ. ರಬ್ಬರಿನ ರೋಲರಿಗೆ ತೆಳುವಾದ ಸೋಪಿನ ನೀರೇ ಸಾಕು. ಪ್ರತಿ ಎರಡು ಮೂರು ಕ್ಯಾಸೆಟ್‌ಗೊಮ್ಮೆ ಇದನ್ನು ಮಾಡಬೇಕಾಗುತ್ತದೆ, ಏಕೆಂದರೆ ಹಳೆಯ ಟೇಪುಗಳು ಪುಡಿ ಉದುರಿಸುತ್ತವೆ. ಯಂತ್ರ ಸಿದ್ಧವಾದ ಮೇಲೂ ಅಜ್ಜಿಯ ಹಾಡಿನ ಕ್ಯಾಸೆಟನ್ನು ಮೊದಲು ಹಾಕಬೇಡಿ. ಹೋದರೂ ಪರವಾಗಿಲ್ಲ ಎನ್ನುವಂಥ ಒಂದನ್ನು ಎರಡೂ ಬದಿ ಪೂರ್ತಿ ಓಡಿಸಿ ನೋಡಿ.

ಟೇಪಿನ ಆರೋಗ್ಯ

ಕ್ಯಾಸೆಟ್‌ನ ಒಳಗಿನ ಟೇಪಿನ ಅಗಲ 3.81 ಮಿ.ಮೀ., ಅದು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಓಡುತ್ತದೆ. ಬದಿಗೆ ಅರ್ಧ ಗಂಟೆಯ ಸಿ-60 ಕ್ಯಾಸೆಟ್‌ನಲ್ಲಿ ಟೇಪು ಸುಮಾರು 18 ಮೈಕ್ರಾನ್ ದಪ್ಪ ಇದ್ದರೆ, ಸಿ-90ರಲ್ಲಿ ಸುಮಾರು 12, ಸಿ-120ರಲ್ಲಿ ಸುಮಾರು 9 ಮಾತ್ರ. ಈ ಅಂಕಿಗಳಿಂದ ತಿಳಿಯುವುದೇನೆಂದರೆ, ಹೆಚ್ಚು ಹೊತ್ತಿನ ಕ್ಯಾಸೆಟ್ ಎಂದರೆ ಹೆಚ್ಚು ತೆಳುವಾದ, ಬೇಗ ಹಿಗ್ಗುವ, ಬೇಗ ಸಿಕ್ಕಿಕೊಳ್ಳುವ ಟೇಪು. ಸಿ-120 ಸಿಕ್ಕರೆ ಅದನ್ನು ವೇಗವಾಗಿ ಸುತ್ತುವ ಗೋಜಿಗೆ ಹೋಗದೆ ನಿಧಾನವಾಗಿ ನುಡಿಸಿಯೇ ಕೊನೆ ಮುಟ್ಟಿಸಿ. ಉಳಿದವನ್ನು ನುಡಿಸುವ ಮೊದಲು ಒಮ್ಮೆ ಕೊನೆಯ ತನಕ ಮುಂದಕ್ಕೆ, ಮತ್ತೆ ಮೊದಲಿಗೆ ಹಿಂದಕ್ಕೆ ಸುತ್ತಿಸಿ. ವರ್ಷಗಳಿಂದ ಬಿಗಿದು ಕೂತ ಪದರಗಳು ಸಡಿಲಗೊಂಡು ಸಮವಾಗುತ್ತವೆ. ತೀರಾ ಬಿಗಿಯಾಗಿದ್ದರೆ ಮೊದಲ ಕೆಲವು ಸುತ್ತುಗಳನ್ನು ಆರು ಮೂಲೆಯ ಪೆನ್ಸಿಲಿನಿಂದ ಕೈಯಲ್ಲೇ ತಿರುಗಿಸಿ.

ನುಡಿಸುವ ಮುನ್ನ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಾದದ್ದು ಎರಡು. ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಇದೆಯೇ? ನಮ್ಮ ಊರಿನ ಮಳೆಗಾಲ ಜೂನ್‌ನಿಂದ ಅಕ್ಟೋಬರ್‌ವರೆಗೂ ಎಳೆಯುತ್ತದೆ, ತಾರಸಿಯ ಕೆಳಗಿನ ಅಟ್ಟಗಳಲ್ಲಿ ತೇವ ಹಿಡಿದಿರುತ್ತದೆ, ಹಾಗಾಗಿ ಬೂಷ್ಟು ಇಲ್ಲಿ ಸಾಮಾನ್ಯ. ಅಂಥದ್ದನ್ನು ಹಾಗೆಯೇ ನುಡಿಸಿದರೆ ಯಂತ್ರಕ್ಕೂ ಅಲ್ಲಿಂದ ಉಳಿದ ಕ್ಯಾಸೆಟ್‌ಗಳಿಗೂ ಬೂಷ್ಟು ಅಂಟುತ್ತದೆ. ಅದನ್ನು ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳದ ಡಬ್ಬಿಯಲ್ಲಿ ಚೆನ್ನಾಗಿ ಒಣಗುವ ತನಕ ಇಟ್ಟು, ಆಮೇಲೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ ಮೃದುವಾದ ಕುಂಚದಿಂದ ತೆಗೆಯಬೇಕು. ಬಿಸಿಲಿಗಂತೂ ಇಡಬಾರದು, ಟೇಪು ಸೊಟ್ಟಗಾಗುತ್ತದೆ. ಎರಡನೆಯದಾಗಿ, ಟೇಪು ಹೊರಗೆ ಕಾಣುವ ಬಾಯಿಯ ನಡುವೆ ಹಿತ್ತಾಳೆ ಬಣ್ಣದ ಪಟ್ಟಿಯ ಮೇಲೆ ಪುಟ್ಟ ಮೆತ್ತೆ ಇದೆಯೇ ನೋಡಿ. ಅದು ಬಿದ್ದುಹೋಗಿದ್ದರೆ ಧ್ವನಿ ಮಂಕಾಗಿ ಏರಿಳಿಯುತ್ತದೆ. ಆಗ ಟೇಪನ್ನು ಸುರುಳಿಗಳ ಸಮೇತ ಬೇರೊಂದು ಒಳ್ಳೆಯ ಕ್ಯಾಸೆಟ್‌ನ ಪೆಟ್ಟಿಗೆಗೆ ವರ್ಗಾಯಿಸಬೇಕು. ಮೂಲೆಗಳಲ್ಲಿ ಸ್ಕ್ರೂ ಇರುವ ಪೆಟ್ಟಿಗೆಗಳು ಸುಲಭ. ಅಂಟಿಸಿದ ಪೆಟ್ಟಿಗೆಯಾದರೆ ಜೋಡಣೆಯ ಗೆರೆಯುದ್ದಕ್ಕೂ ಚಾಕುವಿನ ತುದಿ ಹಾಯಿಸಿ ಬಿಡಿಸಬೇಕಾಗುತ್ತದೆ. ತುಂಡಾದ ಟೇಪನ್ನು ಜೋಡಿಸಲು ಸ್ಪ್ಲೈಸಿಂಗ್ ಟೇಪನ್ನೇ ಬಳಸಿ. ಸೆಲ್ಲೋಟೇಪಿನ ಅಂಟು ಕಾಲಕ್ರಮದಲ್ಲಿ ಹೊರಗೆ ಒಸರಿ ಅಕ್ಕಪಕ್ಕದ ಪದರಗಳನ್ನೂ ಕೆಡಿಸುತ್ತದೆ.

ಇಳಿಸಿಕೊಳ್ಳುವಾಗ

ಡೆಕ್‌ನಿಂದ ಕಂಪ್ಯೂಟರಿನ ಲೈನ್ ಇನ್ ಕಿಂಡಿಗೆ ಕೇಬಲ್ ಹಾಕಿ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ಇರುವುದಿಲ್ಲ, ಇರುವ ಮೈಕ್ ಕಿಂಡಿ ಈ ಕೆಲಸಕ್ಕೆ ತಕ್ಕುದಲ್ಲ. ಹಾಗಾಗಿ ಎರಡು ಚಾನೆಲ್‌ನ ಒಂದು ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕಾಗುತ್ತದೆ. ತಂತ್ರಾಂಶಕ್ಕೆ ಉಚಿತವಾದ ಆಡಾಸಿಟಿ ಸಾಕು. 48 ಕಿಲೋಹರ್ಟ್ಸ್, 24 ಬಿಟ್ ಆಯ್ಕೆ ಮಾಡಿಕೊಂಡು ವೇವ್ ಕಡತವಾಗಿ ಉಳಿಸಿ, ಎಂಪಿ3 ಆಗಿ ಅಲ್ಲ. ಈ ಲೆಕ್ಕದಲ್ಲಿ ಒಂದು ನಿಮಿಷಕ್ಕೆ ಸುಮಾರು 17 ಎಂಬಿ, ಒಂದು ಸಿ-60 ಕ್ಯಾಸೆಟ್‌ಗೆ ಸುಮಾರು 1 ಜಿಬಿ ಜಾಗ ಬೇಕು. ಐವತ್ತು ಕ್ಯಾಸೆಟ್‌ಗಳ ಪೆಟ್ಟಿಗೆ ಒಂದು ಸಾಧಾರಣ ಪೆನ್ ಡ್ರೈವಿನಲ್ಲಿ ಹಿಡಿಯುತ್ತದೆಂದ ಮೇಲೆ ಗುಣಮಟ್ಟದಲ್ಲಿ ಜಿಪುಣತನ ಮಾಡುವ ಕಾರಣವಿಲ್ಲ. ಧ್ವನಿಯ ಮಟ್ಟವನ್ನು ಅತಿ ಜೋರಾದ ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದಂತೆ ಹೊಂದಿಸಿ.

ಬಹುಮಂದಿ ಮುಟ್ಟದೆ ಬಿಡುವ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಒಂದಿದೆ. ಹೆಡ್‌ನ ಪಕ್ಕದಲ್ಲಿ, ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಬದಿಯಲ್ಲಿ, ಪುಟ್ಟ ಸ್ಕ್ರೂ ಇರುತ್ತದೆ. ಟೇಪಿಗೆ ಹೆಡ್ ಎಷ್ಟು ನೇರವಾಗಿ ನಿಂತಿದೆ ಎಂಬುದನ್ನು ಅದು ನಿರ್ಧರಿಸುತ್ತದೆ, ಇದನ್ನು ಅಜಿಮತ್ ಎನ್ನುತ್ತಾರೆ. ನಿಮ್ಮ ಕ್ಯಾಸೆಟ್ ತುಂಬಿದ ಯಂತ್ರದ ಹೆಡ್ ತುಸು ವಾಲಿದ್ದಿದ್ದರೆ, ಈಗ ನುಡಿಸುವ ಹೆಡ್ಡೂ ಅಷ್ಟೇ ವಾಲಿದಾಗ ಮಾತ್ರ ಪೂರ್ಣ ಧ್ವನಿ ಬರುತ್ತದೆ. ಇಲ್ಲವಾದರೆ ಎಲ್ಲವೂ ಕಂಬಳಿ ಹೊದ್ದಂತೆ ಕೇಳಿಸುತ್ತದೆ. ಪ್ರತಿ ಕ್ಯಾಸೆಟ್‌ಗೂ, ಕೆಲವೊಮ್ಮೆ ಪ್ರತಿ ಬದಿಗೂ, ನುಡಿಯುತ್ತಿರುವಾಗಲೇ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ. ಕಿವಿಗೆ ಗುರುತಾಗಬೇಕಾದದ್ದು ಸ, ಶ, ಷ ಅಕ್ಷರಗಳು. ಉದ್ಘೋಷಕರು ‘ಸಂಗೀತ’, ‘ಶ್ರೋತೃಗಳು’ ಎನ್ನುವಾಗ ಆ ಸಕಾರ ಶಕಾರಗಳು ಅತ್ಯಂತ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ತಿರುಗಿಸುವ ಮುನ್ನ ಸ್ಕ್ರೂ ಇದ್ದ ಸ್ಥಿತಿಯನ್ನು ಫೋಟೋ ತೆಗೆದಿಟ್ಟುಕೊಂಡರೆ ಮತ್ತೆ ಅಲ್ಲಿಗೇ ತರಬಹುದು.

ಒಂದು ಬದಿಯನ್ನು ಮೊದಲಿನಿಂದ ಕೊನೆಯ ತನಕ ನಿಲ್ಲಿಸದೆ, ಒಂದೇ ಕಡತವಾಗಿ ಇಳಿಸಿ. ಹಾಡಿಗೊಂದು ಕಡತವಾಗಿ ಕತ್ತರಿಸುವ ಆಸೆ ಬರುತ್ತದೆ, ಅದನ್ನು ತಡೆಯಿರಿ. ಹಾಡುಗಳ ನಡುವಿನದೇ ಇಲ್ಲಿ ಅಮೂಲ್ಯವಾದದ್ದು. ಕಾರ್ಯಕ್ರಮ ಶುರುವಾಗುವ ಮುಂಚಿನ ಸಂಗೀತ, ಸಮಯ ಹೇಳುವ ದನಿ, ಜಾಹೀರಾತು, ವಾರ್ತೆಯ ಮೊದಲ ಸಾಲು ಬಂದೊಡನೆ ಯಾರೋ ಗುಂಡಿ ಒತ್ತಿ ನಿಲ್ಲಿಸಿದ ‘ಟಕ್’ ಶಬ್ದ, ಹೊಸ ಹಾಡು ಮುಗಿದ ಮೇಲೆ ಬದಿಯ ಕೊನೆಯಲ್ಲಿ ಅಳಿಸದೆ ಉಳಿದ ಹಳೆಯ ಹಾಡಿನ ತುಣುಕು, ಇವೆಲ್ಲವೂ ಇರಲಿ. ಬದಿಯ ಕೊನೆಯಲ್ಲಿ ಮೌನ ಬಂದಿತೆಂದು ನಿಲ್ಲಿಸಿಬಿಡಬೇಡಿ. ಟೇಪು ಪೂರ್ತಿ ಓಡುವ ತನಕ ಕಾಯಿರಿ, ಕೊನೆಯ ಮೂರು ನಿಮಿಷದಲ್ಲಿ ಮಗುವಿನ ಪದ್ಯವೊಂದು ಇದ್ದೀತು.

ಆಕಾಶವಾಣಿ ಬೆಂಗಳೂರು ಆಗ ಬಿತ್ತರವಾಗುತ್ತಿದ್ದದ್ದು 612 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ. ಆ ಬಗೆಯ ಪ್ರಸಾರದಲ್ಲಿ ಧ್ವನಿ ಒಂದೇ ಚಾನೆಲ್‌ನದು, ಮೇಲಿನ ಸ್ವರಗಳೂ ಸೀಮಿತ. ರೇಡಿಯೋದಿಂದ ಹಿಡಿದ ಟೇಪಿನಲ್ಲಿ ಎಡ ಬಲ ಎರಡೂ ಚಾನೆಲ್‌ನಲ್ಲಿ ಒಂದೇ ಧ್ವನಿ ಇದ್ದು, ಒಂದರಲ್ಲಿ ಗೊರಗೊರ ಹೆಚ್ಚಿದ್ದರೆ, ಕೇಳುವ ಪ್ರತಿಯನ್ನು ಚೆನ್ನಾಗಿರುವ ಚಾನೆಲ್‌ನಿಂದಷ್ಟೇ ಮಾಡಿಕೊಳ್ಳಬಹುದು. ಗದ್ದಲ ತೆಗೆಯುವ ತಂತ್ರಾಂಶಗಳನ್ನು ಈ ರೆಕಾರ್ಡಿಂಗುಗಳ ಮೇಲೆ ಬಿಗಿಯಾಗಿ ಪ್ರಯೋಗಿಸಬೇಡಿ. ಅವು ಸಿಡಿಲಿನ ಚಟಪಟದ ಜೊತೆಗೆ ತಂಬೂರಿಯ ನಾದವನ್ನೂ ಒಯ್ಯುತ್ತವೆ. ಏನೇ ಮಾಡುವುದಿದ್ದರೂ ಪ್ರತಿಯ ಮೇಲೆ ಮಾಡಿ. ಮೊದಲು ಇಳಿಸಿದ ಕಡತವನ್ನು ಎಂದೂ ಮುಟ್ಟಬೇಡಿ.

ವೇಗದ ಸಮಸ್ಯೆ ಬೇರೆಯದೇ ಬಗೆಯದು. ಬ್ಯಾಟರಿ ಕುಗ್ಗಿದ ಟೇಪ್ ರೆಕಾರ್ಡರಿನಲ್ಲಿ ತುಂಬಿದ ಕ್ಯಾಸೆಟನ್ನು ಸರಿಯಾದ ಯಂತ್ರದಲ್ಲಿ ನುಡಿಸಿದರೆ ಅಪ್ಪನ ದನಿ ಬಾಲಕನ ದನಿಯಂತೆ ಕೇಳಿಸುತ್ತದೆ, ಏಕೆಂದರೆ ಅಂದು ಮೋಟಾರು ನಿಧಾನವಾಗಿತ್ತು. ಕರೆಂಟಿನಿಂದ ನಡೆಸಿದ ಯಂತ್ರದ ರೆಕಾರ್ಡಿಂಗುಗಳಲ್ಲಿ ಇದನ್ನು ಅಳೆಯುವ ದಾರಿಯೊಂದಿದೆ. ಮನೆಯ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50. ಅದರ ಮಂದ ಗುಂಯ್‌ಗುಟ್ಟುವಿಕೆ ಅನೇಕ ಟೇಪುಗಳಲ್ಲಿ ಸೇರಿಕೊಂಡಿರುತ್ತದೆ. ಮಾತು ಹಾಡು ಇಲ್ಲದ ಒಂದು ಜಾಗವನ್ನು ಆಡಾಸಿಟಿಯಲ್ಲಿ, ಯಾವ ಕಂಪನ ಎಷ್ಟಿದೆ ಎಂದು ಗೆರೆಯಾಗಿ ತೋರಿಸುವ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ನೋಡಿ. ಆ ಗುಂಯ್‌ಗುಟ್ಟುವಿಕೆಯ ಶಿಖರ 50ರ ಬದಲು 52ರಲ್ಲಿ ನಿಂತಿದ್ದರೆ ಟೇಪು ಶೇಕಡಾ 4ರಷ್ಟು ವೇಗವಾಗಿ ಓಡುತ್ತಿದೆ ಎಂದರ್ಥ. ಚೇಂಜ್ ಸ್ಪೀಡ್ ಅಂಡ್ ಪಿಚ್ ಆಯ್ಕೆಯಲ್ಲಿ 52ನ್ನು 50ಕ್ಕೆ ಇಳಿಸುವಷ್ಟು, ಅಂದರೆ ಶೇಕಡಾ 3.8ರಷ್ಟು ಕಡಿಮೆ ಮಾಡಿ. ಟೇಪನ್ನು ನಿಲ್ಲಿಸಿದಾಗಲೂ ಆ ಗುಂಯ್‌ಕಾರ ಉಳಿದರೆ ಅದು ಇಂದಿನ ನಿಮ್ಮ ಕೇಬಲ್‌ನದು, ಅದನ್ನು ಅಳತೆಗೆ ನೆಚ್ಚಬಾರದು. ಆ ದಿನಗಳ ವಿದ್ಯುತ್ತಿನ ಕಂಪನವೇ ತುಸು ಏರಿಳಿಯುತ್ತಿತ್ತಾದ್ದರಿಂದ ಕೊನೆಯ ತೀರ್ಪನ್ನು ಕಿವಿಗೆ ಬಿಡಿ: ಅದೇ ಕ್ಯಾಸೆಟ್‌ನಲ್ಲಿ ಗೊತ್ತಿರುವ ಚಿತ್ರಗೀತೆಯೊಂದಿದ್ದರೆ ಈಗ ದೊರೆಯುವ ಅದರ ಧ್ವನಿಮುದ್ರಿಕೆಯ ಶ್ರುತಿಯೊಂದಿಗೆ ಹೋಲಿಸಿ.

ಇಸವಿ ಗುರುತಿಸುವುದು, ಹೆಸರು ಬರೆಯುವುದು

ಕ್ಯಾಸೆಟ್, ಅದರ ಡಬ್ಬಿ, ಕವರಿನ ಎರಡೂ ಬದಿ, ಒಳಗೆ ಮಡಚಿಟ್ಟ ಚೀಟಿ, ಎಲ್ಲದರ ಫೋಟೋ ತೆಗೆಯಿರಿ. ಯಾರ ಕೈಬರಹ ಎಂಬುದನ್ನು ಅಂದೇ ಕೇಳಿ ಬರೆದಿಟ್ಟುಕೊಳ್ಳಿ. ಕಡತದ ಹೆಸರಿನಲ್ಲಿ ಕ್ರಮಸಂಖ್ಯೆ, ಬದಿ, ಅಂದಾಜು ವರ್ಷ ಇದ್ದರೆ ಸಾಕು. ಉಳಿದದ್ದನ್ನು ಒಂದು ಪಟ್ಟಿಯಲ್ಲಿ ಕನ್ನಡದಲ್ಲೇ ವಿವರವಾಗಿ ಬರೆಯಿರಿ.

ವರ್ಷ ಬರೆದಿಲ್ಲದ ಟೇಪಿಗೆ ಒಳಗೆಯೇ ಸಾಕ್ಷ್ಯ ಸಿಗುತ್ತದೆ. ಟೇಪಿನಲ್ಲಿರುವ ಅತಿ ಹೊಸ ಚಿತ್ರ ಬಿಡುಗಡೆಯಾದ ವರ್ಷಕ್ಕಿಂತ ಮುಂಚೆ ಆ ರೆಕಾರ್ಡಿಂಗ್ ಆಗಿರಲಾರದು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು, ಆದ್ದರಿಂದ ಬೆಂಗಳೂರಿನಲ್ಲಿ ಹಿಡಿದ ಕನ್ನಡದ ಟೀವಿ ಕಾರ್ಯಕ್ರಮದ ಧ್ವನಿ ಅದರ ಅನಂತರದ್ದು. ಭಾಷಣವೊಂದರಲ್ಲಿ ಗೋಕಾಕ್ ಚಳವಳಿ ನಡೆಯುತ್ತಿರುವಂತೆ ಮಾತಾಡಿದ್ದರೆ ಅದು 1982ರ ಆಸುಪಾಸು. ವಾರ್ತೆಯ ತುಣುಕಿನಲ್ಲಿ ವಿಶ್ವಕಪ್ ಗೆಲುವಿನ ಸುದ್ದಿ ಇದ್ದರೆ 1983ರ ಜೂನ್ ಕೊನೆ. ಕ್ಯಾಸೆಟ್ ಅಂಗಡಿಯ ಮುದ್ರೆಯಲ್ಲಿನ ದೂರವಾಣಿ ಸಂಖ್ಯೆಯನ್ನೂ ನೋಡಿ: ಆ ದಶಕದ ಬೆಂಗಳೂರಿನದಾದರೆ ಸಾಮಾನ್ಯವಾಗಿ ಆರಂಕಿಯದು, ಏಳಂಕಿಯದು ತೊಂಬತ್ತರ ದಶಕದ್ದು ಅಥವಾ ಅನಂತರದ್ದು. ಹೀಗೆ ಸಿಕ್ಕ ವರ್ಷದ ಮುಂದೆ ‘ಸುಮಾರು’ ಎಂದು ಸೇರಿಸಿ, ಹಾಗೆ ತೀರ್ಮಾನಿಸಿದ ಕಾರಣವನ್ನೂ ಬರೆಯಿರಿ.

ಹಿರಿಯರೊಂದಿಗೆ ಕೂತು ಕೇಳುವುದು

ಕಡತಗಳು ಸಿದ್ಧವಾದೊಡನೆ ಕುಟುಂಬದ ವಾಟ್ಸಾಪ್ ಗುಂಪಿಗೆ ಎಲ್ಲವನ್ನೂ ಒಟ್ಟಿಗೆ ಕಳಿಸಿದರೆ ಯಾರೂ ಕೇಳುವುದಿಲ್ಲ, ಹತ್ತು ಕೈಮುಗಿದ ಚಿತ್ರಗಳು ಬಂದು ಮುಗಿಯುತ್ತದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅಮ್ಮ, ದೊಡ್ಡಪ್ಪ, ಚಿಕ್ಕಮ್ಮ ಇರುವಾಗ ಒಂದೇ ಬದಿಯನ್ನು ಸ್ಪೀಕರಿನಲ್ಲಿ ಹಾಕಿ. ಅವರ ಮುಂದೆ ಕಾಗದದ ಕವರನ್ನೂ ಇಡಿ. ನೆನಪು ಕೆದಕುವುದು ಕೆಲವೊಮ್ಮೆ ಹಾಡಿಗಿಂತ ಹೆಚ್ಚಾಗಿ ಆ ಕೈಬರಹ. ಫೋನಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೀರೆಂದು ಮೊದಲೇ ತಿಳಿಸಿ, ಆಮೇಲೆ ನೀವು ಸುಮ್ಮನಿರಿ.

ಪ್ರಶ್ನೆ ಕೇಳುವುದಾದರೆ ಸಣ್ಣದನ್ನು ಕೇಳಿ. ‘ಆ ಕಾಲ ಹೇಗಿತ್ತು, ದೊಡ್ಡಪ್ಪ?’ ಎಂದರೆ ಚೆನ್ನಾಗಿತ್ತು ಎಂಬಷ್ಟೇ ಉತ್ತರ ಬರುತ್ತದೆ. ‘ಈ ಯಂತ್ರ ಯಾವ ಅಂಗಡಿಯಲ್ಲಿ ತಂದಿರಿ? ಕಂತಿನಲ್ಲೋ, ಬೋನಸ್ ಬಂದಾಗಲೋ? ಈ ಹಾಡಿನ ಸಿನಿಮಾ ನೋಡಿದ್ದು ಮೆಜೆಸ್ಟಿಕ್ಕಿನ ಯಾವ ಟಾಕೀಸಿನಲ್ಲಿ? ನಡುವೆ ಕೂಗಿದ್ದು ಯಾರು?’ ಎಂದು ಕೇಳಿದರೆ ಆ ಸುತ್ತಮುತ್ತಲಿನ ಒಂದೊಂದೇ ಚಿತ್ರಮಂದಿರದ ಹೆಸರು, ಬಾಲ್ಕನಿಯ ದರ, ಸಿಟಿ ಬಸ್ಸಿನ ನಂಬರು, ಬಾಗಿಲ ಬಳಿ ಮಾರುತ್ತಿದ್ದ ಹಾಡಿನ ಪುಸ್ತಕ ಎಲ್ಲವೂ ತಾನಾಗಿ ಬರುತ್ತವೆ. ಕಪಾಲಿ, ಸಾಗರ್, ಸ್ಟೇಟ್ಸ್ ಎಂದು ಅವರು ಹೇಳುವ ಹೆಸರುಗಳನ್ನು ಆಡಿದ ಕ್ರಮದಲ್ಲೇ ಬರೆದಿಟ್ಟುಕೊಳ್ಳಿ. ಇಬ್ಬರ ನೆನಪು ಹೊಂದದಿದ್ದರೆ ಎರಡನ್ನೂ ದಾಖಲಿಸಿ, ಅಲ್ಲೇ ಫೋನ್ ತೆಗೆದು ಯಾರು ಸರಿ ಎಂದು ತೋರಿಸಲು ಹೋಗಬೇಡಿ. ತೀರಿಕೊಂಡವರ ದನಿ ಇರುವ ಟೇಪನ್ನು ಮುನ್ಸೂಚನೆಯಿಲ್ಲದೆ ಹಾಕುವುದು ಸರಿಯಲ್ಲ. ಏನಿದೆ ಎಂದು ಮೊದಲು ಹೇಳಿ, ಕೇಳಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ.

ಹಂಚಿಕೊಳ್ಳುವ ಮಿತಿ ಮತ್ತು ಸಂಗ್ರಹ

ನಿಮ್ಮಲ್ಲಿರುವ ಕ್ಯಾಸೆಟನ್ನು ಸ್ವಂತ ಬಳಕೆಗಾಗಿ ಪ್ರತಿ ಮಾಡಿಕೊಳ್ಳುವುದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ ಖಾಸಗಿ ಬಳಕೆಯ ನ್ಯಾಯೋಚಿತ ವ್ಯವಹಾರವೆಂದು ಅವಕಾಶ ಕೊಡುತ್ತದೆ. ಅದನ್ನು ಅಂತರ್ಜಾಲಕ್ಕೆ ಏರಿಸುವುದು ಬೇರೆ ಮಾತು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ಅಂದರೆ 1985ರಲ್ಲಿ ಬಂದ ಕ್ಯಾಸೆಟ್‌ನ ಹಕ್ಕು 2045ರ ಕೊನೆಯವರೆಗೂ ಉಳಿಯುತ್ತದೆ. ಪ್ರಸಾರ ಸಂಸ್ಥೆಯ ಹಕ್ಕಿನ ಅವಧಿ 25 ವರ್ಷವಾದರೂ, ಆ ಪ್ರಸಾರದೊಳಗಿನ ಹಾಡುಗಳಿಗೆ ಅವುಗಳದೇ ಹಕ್ಕು ಇದ್ದೇ ಇರುತ್ತದೆ. ಅಜ್ಜಿಯ ಹಸೆಹಾಡು, ಮನೆಯ ಮಾತುಕತೆಗಳನ್ನು ಸಾರ್ವಜನಿಕವಾಗಿ ಹಾಕುವ ಮುನ್ನ ಅದರಲ್ಲಿ ದನಿ ಇರುವವರ, ಅವರಿಲ್ಲದಿದ್ದರೆ ಮನೆಯವರ ಒಪ್ಪಿಗೆ ಪಡೆಯುವುದು ಮರ್ಯಾದೆ.

ಕಡತಗಳ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಮನೆಯಲ್ಲಿರುವ ಅಣ್ಣನ ಅಥವಾ ತಂಗಿಯ ಬಳಿ ಇನ್ನೊಂದು. ವರ್ಷಕ್ಕೊಮ್ಮೆ, ಬೇಕಾದರೆ ಆಯುಧಪೂಜೆಯ ಹೊತ್ತಿಗೆ, ಮೂರನ್ನೂ ತೆರೆದು ಕಡತಗಳು ನುಡಿಯುತ್ತಿವೆಯೇ ಎಂದು ಪರೀಕ್ಷಿಸಿ. ಇಳಿಸಿದ ಮೇಲೆ ಮೂಲ ಕ್ಯಾಸೆಟ್‌ಗಳನ್ನು ಎಸೆಯಬೇಡಿ, ಮುಂದೆ ಇದಕ್ಕಿಂತ ಒಳ್ಳೆಯ ಯಂತ್ರದಲ್ಲಿ ಇನ್ನೊಮ್ಮೆ ಇಳಿಸುವ ಅವಕಾಶ ಬರಬಹುದು. ಟೇಪನ್ನು ಒಂದು ಕೊನೆಯ ತನಕ ಪೂರ್ತಿ ಸುತ್ತಿಸಿ, ಡಬ್ಬಿಯಲ್ಲಿ ಹಾಕಿ, ಪುಸ್ತಕಗಳಂತೆ ನಿಲ್ಲಿಸಿ, ಸ್ಪೀಕರು ಹಾಗೂ ಮಿಕ್ಸಿಯ ಮೋಟಾರಿನಿಂದ ದೂರ, ನೆಲಮಟ್ಟದ ಬೀರುವಿನ ಒಳಗಿಡಿ. ಬೇಸಿಗೆಯಲ್ಲಿ ಕಾಯುವ, ಮಳೆಗಾಲದಲ್ಲಿ ತೇವ ಹಿಡಿಯುವ ಅಟ್ಟಕ್ಕೆ ಮಾತ್ರ ಅವನ್ನು ಮತ್ತೆ ಏರಿಸಬೇಡಿ.